ಅನ್ನ ಬಿಡುವ ಮೊದಲು ನಿಮ್ಮ ಮಾತ್ರೆಯ ಹೆಸರು ನೋಡಿ

ಶುಗರ್‌ಗೆ ಗ್ಲಿಮೆಪಿರೈಡ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೀರಾ? ಹಾಗಿದ್ದರೆ ಯಾರದೋ ಮಾತು ಕೇಳಿ ಅನ್ನ, ಚಪಾತಿ ಒಮ್ಮೆಲೇ ಬಿಡಬೇಡಿ. ನಾನು ಬಿಟ್ಟೆ. ಲೋಕಲ್ ಟ್ರೇನಿನಲ್ಲಿ ಪ್ರಜ್ಞೆ ತಪ್ಪುವುದೊಂದು ಬಾಕಿ ಇತ್ತು.

ನನಗೆ 56 ವರ್ಷ. ತವರು ಕುಂದಾಪುರದ ಕಡೆ, ಮದುವೆಯಾಗಿ ಬಂದಾಗಿನಿಂದ ಮುಂಬೈ ಹತ್ತಿರದ ಡೊಂಬಿವಲಿ. ಕೆಲಸ ಮುಂಬೈನ ಫೋರ್ಟ್‌ನಲ್ಲಿ. ಟೈಪ್ 2 ಡಯಾಬಿಟಿಸ್ ಬಂದು ಒಂಬತ್ತು ವರ್ಷವಾಯಿತು. ಬೆಳಿಗ್ಗೆ, ರಾತ್ರಿ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಮಾತ್ರೆ, ಮಲಗುವಾಗ ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್. ಕಳೆದ ವರ್ಷ ಎಚ್‌ಬಿಎ1ಸಿ 8.1 ಬಂದಿತ್ತು. ಅದು ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಎಷ್ಟು ಎಂದು ತೋರಿಸುವ ಪರೀಕ್ಷೆ. 7ರ ಒಳಗೆ ಇದ್ದರೆ ಒಳ್ಳೆಯದು ಎಂದು ಡಾಕ್ಟ್ರು ಹೇಳುತ್ತಲೇ ಇದ್ದರು. ನನಗೂ ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು.

ಅದೇ ಹೊತ್ತಿಗೆ ಪರಿಚಯದವರೊಬ್ಬರು ಫೋನಿನಲ್ಲಿ ನಡೆಯುವ ಒಂದು ಡಯಟ್ ಗುಂಪಿಗೆ ಸೇರಿಸಿದರು. 90 ದಿನ, 12,000 ರೂಪಾಯಿ. ಸಕ್ಕರೆ ಕಾಯಿಲೆ ಬುಡದಿಂದಲೇ ಹೋಗುತ್ತದೆ ಎಂಬ ಭರವಸೆ. ಅನ್ನ, ಗಂಜಿ, ದೋಸೆ, ಚಪಾತಿ, ಬಾಳೆಹಣ್ಣು ಎಲ್ಲ ಬಂದ್. ಬದಲಿಗೆ ತುಪ್ಪ, ಬೆಣ್ಣೆ, ಪನೀರ್, ಮೊಟ್ಟೆ, ಮಟನ್ ಎಷ್ಟು ಬೇಕಾದರೂ ತಿನ್ನಿ. ಬೆಳಿಗ್ಗೆ ಕಾಫಿಗೆ ಎರಡು ಚಮಚ ತೆಂಗಿನೆಣ್ಣೆ. ಕೊಲೆಸ್ಟ್ರಾಲ್ ಮಾತ್ರೆ ಬರೀ ಮೋಸ, ನಿಲ್ಲಿಸಿ ಎಂದರು. ನಿಲ್ಲಿಸಿದೆ. ಯಾವ ಮಾತ್ರೆ ತಗೊಳ್ತೀರಿ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಶುಗರ್ ಮಾತ್ರೆ ಅಷ್ಟೇ ಪ್ರಮಾಣದಲ್ಲಿ ಮುಂದುವರಿಯಿತು. ದಿನಕ್ಕೆ ಮೂರು ಸಲ ಗ್ಲುಕೋಮೀಟರ್ ಫೋಟೋ ಕಳಿಸಬೇಕಿತ್ತು, ಹಾಗಾಗಿ ಅದು ಯಾವಾಗಲೂ ಪರ್ಸ್‌ನಲ್ಲಿ ಇರುತ್ತಿತ್ತು. ನನ್ನನ್ನು ಉಳಿಸಿದ್ದೂ ಅದೇ.

ಮೂರನೇ ವಾರ. ಆಫೀಸಿನಲ್ಲಿ ಕೆಲಸ ಜಾಸ್ತಿ, ಮಧ್ಯಾಹ್ನ ಎರಡು ಮೊಟ್ಟೆ, ಸೌತೆಕಾಯಿ ಅಷ್ಟೇ ತಿಂದಿದ್ದೆ. ಸಂಜೆ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಫಾಸ್ಟ್ ಲೋಕಲ್ ಹತ್ತಿದೆ. ದಾದರ್ ದಾಟುವಾಗ ಕೈ ನಡುಗಲು ಶುರುವಾಯಿತು. ಎದೆ ಡಬಡಬ. ಲೇಡೀಸ್ ಡಬ್ಬಾದ ನೂಕುನುಗ್ಗಲಿಗೆ ಬೆವರುತ್ತಿದ್ದೇನೆ ಅಂದುಕೊಂಡೆ, ಆದರೆ ಬೆವರು ತಣ್ಣಗಿತ್ತು. ಆಮೇಲೆ ಎದುರಿಗಿದ್ದವರ ಮುಖ ಮಸುಕಾಯಿತು. ಪಕ್ಕದ ಹುಡುಗಿ “ಕಾಯ್ ಝಾಲಂ ಮಾವಶಿ?” ಎಂದು ಕೇಳಿದ್ದು ಕೇಳಿಸಿತು, ಉತ್ತರ ಕೊಡಲು ನಾಲಿಗೆ ಹೊರಳಲಿಲ್ಲ. ಪರ್ಸ್ ತೋರಿಸಿದೆ. ಅವಳ ಅಜ್ಜಿಗೂ ಶುಗರ್ ಇದೆಯಂತೆ, ತಕ್ಷಣ ಅರ್ಥವಾಯಿತು. ಅವಳೇ ಬೆರಳು ಚುಚ್ಚಿ ನೋಡಿದಳು. 48. 70ಕ್ಕಿಂತ ಕೆಳಗೆ ಹೋದರೇ ಅಪಾಯ. ಯಾರೋ ಮಾವಿನ ಜ್ಯೂಸ್ ಪ್ಯಾಕೆಟ್ ಕೊಟ್ಟರು, ಕುಡಿಸಿದರು. ಠಾಣೆಯಲ್ಲಿ ಇಬ್ಬರು ನನ್ನ ಜೊತೆಯೇ ಇಳಿದು ಬೆಂಚಿನ ಮೇಲೆ ಕೂರಿಸಿದರು. ಹದಿನೈದು ನಿಮಿಷ ಬಿಟ್ಟು ನೋಡಿದಾಗ 79. ಆ ಮಕ್ಕಳ ಹೆಸರು ಕೇಳುವಷ್ಟೂ ಸುಧಾರಿಸಿಕೊಂಡಿರಲಿಲ್ಲ ನಾನು.

ಆ 48ರ ಫೋಟೋ ರಾತ್ರಿ ಗುಂಪಿಗೆ ಕಳಿಸಿದೆ. ಬಂದ ಉತ್ತರ: “ತುಂಬಾ ಒಳ್ಳೆಯದು, ದೇಹ ಹೊಂದಿಕೊಳ್ಳುತ್ತಿದೆ.” ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮರುದಿನ ಯಜಮಾನರು ನನ್ನನ್ನು ಡಾಕ್ಟ್ರ ಹತ್ತಿರ ಎಳೆದುಕೊಂಡು ಹೋದರು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯನ್ನು ಒತ್ತಾಯಿಸಿ ಇನ್ಸುಲಿನ್ ಹೊರಡಿಸುತ್ತದೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಊಟದ ಪಿಷ್ಟ ಕಡಿಮೆ ಮಾಡಿದರೆ ಮಾತ್ರೆಯೂ ಕಡಿಮೆಯಾಗಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಹೀಗೆ ಆಗುವುದಿಲ್ಲ. ಡಪಾಗ್ಲಿಫ್ಲೋಜಿನ್ ತರದ ಮಾತ್ರೆ ಇರುವವರಿಗೆ ಬೇರೆಯದೇ ಅಪಾಯ. ಪಿಷ್ಟ ಪೂರ್ತಿ ಬಿಟ್ಟರೆ ರಕ್ತದಲ್ಲಿ ಆಮ್ಲ ಏರಬಹುದು, ಅದೂ ಮೀಟರಿನಲ್ಲಿ ಸಕ್ಕರೆ ಜಾಸ್ತಿ ತೋರಿಸದೆಯೇ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಸೀದಾ ಆಸ್ಪತ್ರೆಗೆ ಹೋಗಬೇಕು. ಡಾಕ್ಟ್ರು ಬೈಯಲಿಲ್ಲ. ಅನ್ನ ಕಡಿಮೆ ಮಾಡುವುದು ಒಳ್ಳೆಯದೇ, ನನಗೆ ಮೊದಲೇ ಹೇಳಬೇಕಿತ್ತು ಎಂದರು. ಅವತ್ತೇ ಗ್ಲಿಮೆಪಿರೈಡ್ ತೆಗೆದು ಮೆಟ್‌ಫಾರ್ಮಿನ್ ಮಾತ್ರ ಉಳಿಸಿದರು.

ಆದರೆ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟಿದ್ದನ್ನು ಅವತ್ತು ಹೇಳಲಿಲ್ಲ. ನನ್ನದೇ ತಪ್ಪು. ತುಪ್ಪ, ತೆಂಗಿನೆಣ್ಣೆಯೂ ಮುಂದುವರಿಯಿತು. 90 ದಿನ ಮುಗಿದ ಮೇಲೆ ರಕ್ತ ಕೊಟ್ಟೆ. ಎಚ್‌ಬಿಎ1ಸಿ 6.9. ತೂಕ ಐದು ಕಿಲೋ ಇಳಿದಿತ್ತು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, 210ರಿಂದ 140ಕ್ಕೆ ಬಂದಿತ್ತು. ಮೈದಾ, ಅನ್ನ, ಸಿಹಿ ಕಡಿಮೆಯಾದರೆ ಅದು ಇಳಿಯುತ್ತದೆ, ಇದು ನಿಜ. ಆದರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 96 ಇದ್ದದ್ದು 187! ಶುಗರ್ ಇರುವವರಿಗೆ ಇದು 100ರ ಒಳಗಿರಬೇಕು, ಎಷ್ಟೋ ಜನರಿಗೆ 70ರ ಒಳಗೆ. ಶುಗರ್ ಇದ್ದರೆ ಹೃದಯಾಘಾತದ ಅಪಾಯ ಹೇಗೂ ಜಾಸ್ತಿ ಅಲ್ವಾ, ಅದರ ಮೇಲೆ ಇದು ಬೇರೆ.

ತೆಂಗಿನೆಣ್ಣೆಯ ಬಾಟಲಿ ಮೇಲೆ ಕೊಲೆಸ್ಟ್ರಾಲ್ ಇಲ್ಲ ಎಂದು ಬರೆದಿತ್ತು. ಗಿಡಮರದಿಂದ ಬರುವ ಯಾವ ಎಣ್ಣೆಯಲ್ಲೂ ಇರುವುದಿಲ್ಲ. ಆದರೆ ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ. ಎಲ್‌ಡಿಎಲ್ ಏರಿಸುವುದು ಅದೇ. ತುಪ್ಪ, ಬೆಣ್ಣೆಯಲ್ಲೂ ಅದು ಧಾರಾಳ. ನಾವು ಕರಾವಳಿಯವರು, ತೆಂಗಿನಕಾಯಿ ಬಿಟ್ಟು ಬದುಕಿ ಎಂದು ನಾನು ಹೇಳುವುದಿಲ್ಲ. ಸಾರಿಗೆ ಸ್ವಲ್ಪ ಹಾಕುವುದು ಬೇರೆ, ದಿನಾ ಚಮಚಗಟ್ಟಲೆ ಕುಡಿಯುವುದು ಬೇರೆ.

ಗುಂಪಿನವರು ಶುಗರ್ ಫ್ರೀ ರಾಗಿ ಬಿಸ್ಕತ್ತನ್ನೂ ಮಾರುತ್ತಿದ್ದರು. ಡಬ್ಬಿ ತಿರುಗಿಸಿ ಓದಿದರೆ ಮೈದಾ, ಪಾಮ್ ಎಣ್ಣೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ, ಆದರೆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೇ. ಅದನ್ನೂ ಅಳತೆ ನೋಡಿಯೇ ತಿನ್ನಬೇಕು.

ಎರಡನೇ ಸಲ ಡಾಕ್ಟ್ರಿಗೆ ಎಲ್ಲವನ್ನೂ ಮುಚ್ಚಿಡದೆ ಹೇಳಿದೆ. ಅಟೊರ್ವಾಸ್ಟಾಟಿನ್ ಮತ್ತೆ ಶುರುವಾಯಿತು. ಈಗ ಕುಚ್ಚಲಕ್ಕಿ ಅನ್ನ ಒಂದು ಸೌಟು. ಬಂಗುಡೆ ಸಾರು, ಹೆಸರುಕಾಳಿನ ಉಸಳ್, ಮೆಂತೆ ಸೊಪ್ಪು ಜಾಸ್ತಿ. ಉಸಳ್ ಜೊತೆ ಪಾವ್ ಇಲ್ಲ. ಮೂರು ತಿಂಗಳಾದ ಮೇಲೆ ಎಲ್‌ಡಿಎಲ್ 88, ಎಚ್‌ಬಿಎ1ಸಿ 7.0. ಎಲ್‌ಡಿಎಲ್ ಇನ್ನೂ ಇಳಿಯಬೇಕು ಎಂದಿದ್ದಾರೆ.

ದುಡ್ಡು ವಾಪಸ್ ಕೇಳಿದೆ, ಕೊಡಲಿಲ್ಲ. ನನ್ನನ್ನು ಗುಂಪಿನಿಂದ ತೆಗೆದರು.

ಮೊನ್ನೆ ಭಾಂಡುಪ್‌ನಿಂದ ನಮ್ಮೂರ ಕಡೆಯ ಒಬ್ಬ ತಂಗಿ ಫೋನ್ ಮಾಡಿದ್ದಳು. ಅದೇ ಗುಂಪಿಗೆ ಗಂಡನನ್ನು ಸೇರಿಸಬೇಕಂತೆ. ಮಾತ್ರೆಯ ಹಾಳೆ ತಂದು ಹಿಂದುಗಡೆ ಬರೆದಿರುವುದನ್ನು ಓದು ಎಂದೆ. ನಿಧಾನಕ್ಕೆ ಒಂದೊಂದೇ ಅಕ್ಷರ ಓದಿದಳು. ಗ್ಲಿ, ಮೆ, ಪಿ... ಅಲ್ಲಿಗೇ ನಿಲ್ಲಿಸಿದಳು. “ಅಕ್ಕ, ಇವತ್ತು ಸಂಜೆಯೇ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋಗುತ್ತೇನೆ” ಎಂದಳು.