ಸೀರಿಯಲ್ ಸೆಟ್ ರಿವ್ಯೂ: ಎಂಟು ಮೋಡ್ ಇದೆ, ನಮಗೆ ಬೇಕಾಗಿದ್ದು ಎಂಟನೇದು ಮಾತ್ರ

ನವೆಂಬರ್‌ನಲ್ಲಿ ತಗೊಂಡಿದ್ದು, ಈಗ ಫೆಬ್ರವರಿ. ಅಂದ್ರೆ ಒಂದು ಚಳಿಗಾಲ ಪೂರ್ತಿ ಉರಿಸಿ ಆಮೇಲೆ ಬರೀತಿರೋ ರಿವ್ಯೂ ಇದು, ಬಾಕ್ಸ್ ಬಿಚ್ಚಿದ ದಿನಾನೇ ಐದು ಸ್ಟಾರ್ ಒತ್ತೋ ಜಾತಿ ನಂದಲ್ಲ. ಐಟಂ ಏನಪ್ಪಾ ಅಂದ್ರೆ 100 ಎಲ್‌ಇಡಿ ಇರೋ 10 ಮೀಟರ್ ಉದ್ದದ ವಾರ್ಮ್ ವೈಟ್ ಸೀರಿಯಲ್ ಸೆಟ್. ಒಟ್ಟು ಆರು ತಗೊಂಡ್ವಿ. ನಾನೊಬ್ನೇ ಅಲ್ಲ, ಬಿಲ್ಡಿಂಗ್‌ನ ಎಂಟು ಮನೆಯೋರು ಸೇರಿ ದುಡ್ಡು ಹಾಕಿ.

ಇದಕ್ಕೆ ಕಾರಣ ಮೂರನೇ ಫ್ಲೋರ್ ಆಂಟಿ. ಚಳಿ ಶುರುವಾದ್ರೆ ನಮ್ಮ ಬಿಲ್ಡಿಂಗ್ ಹೆಂಗೆ ಅಂದ್ರೆ ಸಂಜೆ ಆರಕ್ಕೆಲ್ಲ ಕತ್ತಲು, ಎಲ್ಲರ ಮನೆ ಬಾಗಿಲೂ ಬಂದ್, ಒಳಗೆ ಕಂಬಳಿ ಹೊದ್ಕೊಂಡು ಮೊಬೈಲ್ ನೋಡ್ಕೊಂಡು ಕೂತ್ರೆ ಮುಗೀತು, ಎದುರು ಮನೆಯೋರ ಮುಖ ನೋಡಿ ಹದಿನೈದು ದಿನ ಆಗಿರುತ್ತೆ. ನನಗಂತೂ ಡಿಸೆಂಬರ್ ಬಂದ್ರೆ ಮಂಕು ಬಡಿದಂಗೆ ಆಗುತ್ತೆ, ಯಾವ ಕೆಲಸಕ್ಕೂ ಕೈ ಓಡಲ್ಲ. ಆಂಟಿ ಹೇಳಿದ್ದಿಷ್ಟೇ, ಎಂಟು ಮನೇಲಿ ಎಂಟು ಥರ ಹಬ್ಬ ಮಾಡ್ತೀರಲ್ಲ, ಒಬ್ಬರದು ಮುಗಿಯೋಷ್ಟರಲ್ಲಿ ಇನ್ನೊಬ್ಬರದು ಬರುತ್ತೆ, ದೀಪ ಎಲ್ಲರಿಗೂ ಬೇಕೇ ಬೇಕು, ಎಲ್ಲರೂ ಸೇರಿ ಕೆಳಗಡೆ ಒಂದೇ ಕಡೆ ಹಾಕಿ ಸಾಯ್ಬಾರ್ದಾ?

ಈಗ ಐಟಂಗೆ ಬರೋಣ. ಬೆಳಕು ಚೆನ್ನಾಗಿದೆ, ಹಳೇ ಬಲ್ಬಿನ ಹಳದಿಗೆ ತುಂಬಾ ಹತ್ರ. ತಗೊಳ್ಳೋರು ಬಾಕ್ಸ್ ಮೇಲೆ ಕೆಲ್ವಿನ್ ನಂಬರ್ ನೋಡಿ: 2700 ರಿಂದ 3000 ಒಳಗಿದ್ರೆ ಬೆಚ್ಚಗಿನ ಬಣ್ಣ, 6500 ಅಂತಿದ್ರೆ ಅದು ಟ್ಯೂಬ್‌ಲೈಟ್ ಬಿಳಿ, ಹಬ್ಬದ ದಿನ ಆಪರೇಷನ್ ಥಿಯೇಟರ್‌ನಲ್ಲಿ ನಿಂತಂಗೆ ಇರುತ್ತೆ. ನಮಗೆ ಬಂದ ಆರರಲ್ಲಿ ಒಂದು ಸೆಟ್ ಈ ಬಿಳೀ ಪೈಕಿ, ಬಾಕ್ಸ್ ಮೇಲೆ ಮಾತ್ರ ವಾರ್ಮ್ ವೈಟ್ ಅಂತಲೇ ಇತ್ತು. ವಾಪಸ್ ಕಳ್ಸಿದ್ವಿ, ಬೇರೆ ಬಂತು, ಹತ್ತು ದಿನ ಹಿಡೀತು ಅಷ್ಟೇ.

ಕರೆಂಟ್ ಬಿಲ್ ಬಗ್ಗೆ ಹೆದರೋದು ಬೇಡ. ಒಂದು ಸೆಟ್‌ಗೆ 6 ವ್ಯಾಟ್ ಅಂತ ಹಾಕಿದ್ದಾರೆ, ಆರಕ್ಕೂ ಸೇರಿ 36. ದಿನಾ ಐದು ಗಂಟೆ ಉರಿಸಿದ್ರೂ ಐದಾರು ದಿನಕ್ಕೆ ಒಂದು ಯೂನಿಟ್. ಹಳೇ ಕಾಲದ ಸಣ್ಣ ಬಲ್ಬ್ 100 ಇರೋ ಒಂದೇ ಒಂದು ಸೆಟ್ 40 ವ್ಯಾಟ್ ಎಳೀತಿತ್ತು. ಅದ್ರಲ್ಲಿ ಇನ್ನೊಂದು ತಲೆನೋವು, ಹೆಸರಲ್ಲೇ ಇರೋ ಹಾಗೆ ಸೀರೀಸ್ ಕನೆಕ್ಷನ್, ಒಂದು ಬಲ್ಬ್ ಹೋದ್ರೆ ಸಾಲೇ ಹೋಯ್ತು, ಆಮೇಲೆ ಒಂದೊಂದೇ ಕಿತ್ತು ಹಾಕಿ ಕಳ್ಳ ಯಾರು ಅಂತ ಹುಡುಕ್ತಾ ಕೂರೋದು. ಅಂದಹಾಗೆ ಇದೆಲ್ಲದಕ್ಕೂ ಮೂಲಪುರುಷ ಎಡಿಸನ್ ಜೊತೆಗಾರ ಎಡ್ವರ್ಡ್ ಜಾನ್ಸನ್ ಅನ್ನೋ ಆಸಾಮಿ. 1882 ರಲ್ಲಿ ನ್ಯೂಯಾರ್ಕ್‌ನ ತನ್ನ ಮನೇಲಿ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ 80 ಬಲ್ಬ್ ಕೈಯಲ್ಲೇ ವೈರ್ ಮಾಡಿ ಸುತ್ತಿದ್ದ, ಮರಾನೂ ತಿರುಗ್ತಿತ್ತಂತೆ.

ದೊಡ್ಡ ಕಂಪ್ಲೇಂಟ್ ಕಂಟ್ರೋಲರ್ ಮೇಲೆ. ಎಂಟು ಮೋಡ್ ಕೊಟ್ಟಿದ್ದಾರೆ. ಅಲೆ ಥರ ಓಡೋದು, ಒಂದಾದ್ಮೇಲೊಂದು ಹತ್ತೋದು, ನಿಧಾನಕ್ಕೆ ಮಸುಕಾಗೋದು, ಪಟಪಟ ಮಿನುಗೋದು, ಏನೇನೋ. ಕೊನೇದು, ಎಂಟನೇದು, ಸುಮ್ನೆ ಉರಿಯೋದು. ನಿಜ ಹೇಳ್ಬೇಕು ಅಂದ್ರೆ ಮೊದಲಿನ ಏಳೂ ಎರಡು ನಿಮಿಷಕ್ಕಿಂತ ಜಾಸ್ತಿ ನೋಡಕ್ಕಾಗಲ್ಲ, ಅದರ ಕೆಳಗೆ ಕೂತು ಊಟ ಮಾಡೋದಂತೂ ದೂರದ ಮಾತು, ತಲೆ ಸಿಡಿಯುತ್ತೆ. ಆದ್ರೆ ಈ ಕಂಟ್ರೋಲರ್‌ಗೆ ಮೆಮೊರಿ ಇಲ್ಲ. ಸ್ವಿಚ್ ಆಫ್ ಮಾಡಿದ್ರೂ ಅಷ್ಟೇ, ಕರೆಂಟ್ ಹೋಗಿ ಬಂದ್ರೂ ಅಷ್ಟೇ, ಮತ್ತೆ ಒಂದನೇ ಮೋಡ್, ಅಂದ್ರೆ ಎಲ್ಲ ಕುಣಿತಾನೂ ಸೇರಿಸಿದ ಚಿತ್ರಾನ್ನ. ಎಂಟಕ್ಕೆ ಬರಬೇಕು ಅಂದ್ರೆ ಬಟನ್ ಏಳು ಸಲ ಒತ್ತಬೇಕು. ಒಂದು ಜಾಸ್ತಿ ಆಯ್ತೋ, ಮತ್ತೆ ಮೊದಲಿಂದ. ಆರು ಸೆಟ್‌ಗೆ ಆರು ಕಂಟ್ರೋಲರ್, ದಿನಾ 42 ಸಲ ಒತ್ತೋ ಕೆಲಸ.

ಮೊದಲ ವಾರ ನಾನೇ ಒತ್ತಿದೆ, ಬೈಕೊಂಡು. ಆಮೇಲೆ ಫಸ್ಟ್ ಫ್ಲೋರ್ ಹುಡುಗ ಬಂದ, ಆರು ವರ್ಷದೋನು, ನಾನು ಒತ್ತಲಾ ಅಂಕಲ್ ಅಂದ. ಸ್ಟೂಲ್ ಹಾಕಿ ಹತ್ತಿಸಿದೆ. ಬೆರಳಿಟ್ಟು ಜೋರಾಗಿ ಒಂದು, ಎರಡು, ಮೂರು ಅಂತ ಎಣಿಸ್ತಾನೆ, ಏಳು ಅಂದ ತಕ್ಷಣ ಕುಣಿತಾ ಇದ್ದ ಲೈಟೆಲ್ಲ ಗಪ್ ಅಂತ ನಿಂತ್ಕೊಳ್ಳುತ್ತೆ, ಅವನ ಮುಖ ನೋಡ್ಬೇಕು ಆಗ. ಮರುದಿನ ಅವನ ಅಕ್ಕ ಬಂದ್ಲು, ಆಮೇಲೆ ಎದುರು ಮನೆ ಅವಳಿ ಮಕ್ಳು, ಆರು ಕಂಟ್ರೋಲರ್‌ಗೆ ಜಗಳ. ಮಕ್ಳು ಕೆಳಗಿದ್ರೆ ಅಪ್ಪ ಅಮ್ಮಂದಿರೂ ಕೆಳಗೇ ಇರ್ಬೇಕಲ್ಲ, ಯಾರೋ ಫ್ಲಾಸ್ಕ್‌ನಲ್ಲಿ ಟೀ ತಂದ್ರು, ಯಾರೋ ಕುರ್ಚಿ ತಂದ್ರು. ಡಿಸೆಂಬರ್ ಮಧ್ಯದಷ್ಟರಲ್ಲಿ ಹಬ್ಬ ಇಲ್ಲದ ದಿನಾನೂ ಆರು ಗಂಟೆಗೆ ಹತ್ತು ಹನ್ನೆರಡು ಜನ ಇರ್ತಿದ್ರು.

ಇಲ್ಲೊಂದು ವಿಷ್ಯ ಹೇಳ್ಬಿಡ್ತೀನಿ. ಚಳಿಗಾಲದ ಮಂಕು ಬರೀ ಸೋಮಾರಿತನ ಅಲ್ಲ, ಬಿಸಿಲು ಕಮ್ಮಿಯಾದಾಗ ಬರೋ ಡಿಪ್ರೆಶನ್ನೇ ಇದೆ, ನಾರ್ಮನ್ ರೋಸೆಂಥಾಲ್ ಅನ್ನೋ ಡಾಕ್ಟ್ರು ಮತ್ತು ಅವರ ಜೊತೆಗಾರರು 1984 ರಲ್ಲೇ ಅದಕ್ಕೆ ಹೆಸರಿಟ್ಟು ಬರೆದಿದ್ದಾರೆ. ಅದಕ್ಕೆ ಕೊಡೋ ಲ್ಯಾಂಪ್ 10,000 ಲಕ್ಸ್‌ದು (ಲಕ್ಸ್ ಅಂದ್ರೆ ಬೆಳಕಿನ ಅಳತೆ), ಬೆಳಗ್ಗೆ ಅರ್ಧ ಗಂಟೆ ಅದರ ಮುಂದೆ ಕೂರಬೇಕು. ನಮ್ಮ ಸೀರಿಯಲ್ ಸೆಟ್ ಬೆಳಕಲ್ಲಿ ಪೇಪರ್ ಓದೋದೂ ಕಷ್ಟ. ಆದ್ರಿಂದ ನಿಜವಾಗ್ಲೂ ಒದ್ದಾಡ್ತಿರೋರು ಇದನ್ನ ಔಷಧಿ ಅಂದ್ಕೋಬೇಡಿ, ಡಾಕ್ಟರ್‌ನ ನೋಡಿ.

ಆದ್ರೂ ಕತ್ತಲು ಜಾಸ್ತಿ ಇರೋ ಕಾಲಕ್ಕೇ ದೀಪದ ಹಬ್ಬಗಳು ಬಂದು ಕೂತಿರೋದು ನೋಡಿ. ದೀಪಾವಳಿ ಅಮಾವಾಸ್ಯೆಗೆ, ಸ್ವೀಡನ್ನಿನ ಲೂಸಿಯಾ ಡಿಸೆಂಬರ್ 13 ಕ್ಕೆ, ಯಹೂದಿಗಳ ಹನುಕ್ಕಾದಲ್ಲಿ ಎಂಟು ರಾತ್ರಿ ದಿನಕ್ಕೊಂದು ದೀಪ ಜಾಸ್ತಿ. ನಾರ್ವೆಯಲ್ಲಿ ರ್ಯೂಕನ್ ಅಂತ ಒಂದು ಊರಿದೆ, ಬೆಟ್ಟದ ಸಂದೀಲಿ ಇರೋದ್ರಿಂದ ವರ್ಷದಲ್ಲಿ ಸುಮಾರು ಆರು ತಿಂಗಳು ಬಿಸಿಲೇ ಬೀಳಲ್ಲ. 2013 ರಲ್ಲಿ ಬೆಟ್ಟದ ಮೇಲೆ, ಊರಿಂದ 450 ಮೀಟರ್ ಎತ್ತರದಲ್ಲಿ, ಮೂರು ದೊಡ್ಡ ಕನ್ನಡಿ ನಿಲ್ಸಿ ಬಿಸಿಲನ್ನ ಕೆಳಗೆ ತಿರುಗಿಸಿದ್ರು. ಯಾರ ಮನೆ ಕಿಟಕಿಗೂ ಬಿಡ್ಲಿಲ್ಲ, ಊರ ಚೌಕಕ್ಕೆ ಬಿಟ್ರು, ಬಿಸಿಲು ಬೇಕಾದೋರು ಅಲ್ಲಿಗೇ ಬಂದು ನಿಂತ್ಕೋಬೇಕು. ನಮ್ಮ ಆಂಟಿಗೆ ಈ ಕಥೆ ಹೇಳಿದಾಗ ಅವರ ಮುಖದಲ್ಲಿ ಏನು ಜಂಬ ಅಂತೀರಾ.

ಇನ್ನು ಸಣ್ಣಪುಟ್ಟದ್ದು. ಬಾಕ್ಸ್ ಮೇಲೆ ಐಪಿ44 ಅಂತಿದೆ, ಅಂದ್ರೆ ನೀರು ಎರಚಿದ್ರೆ ತಡ್ಕೊಳ್ಳುತ್ತೆ, ನೀರಲ್ಲಿ ಮುಳುಗಿದ್ರೆ ಇಲ್ಲ. ಇಬ್ಬನಿಗೆ ಲೈಟಿಗೇನೂ ಆಗ್ಲಿಲ್ಲ, ಆದ್ರೆ ನಾವು ಬುದ್ಧಿವಂತರು ಎಕ್ಸ್‌ಟೆನ್ಷನ್ ಬೋರ್ಡನ್ನ ಒದ್ದೆ ನೆಲದ ಮೇಲೆ ಇಟ್ಟಿದ್ವಿ, ಹೊಸ ವರ್ಷದ ರಾತ್ರಿ ಹತ್ತೂವರೆಗೆ ಇಎಲ್‌ಸಿಬಿ, ಅಂದ್ರೆ ಕರೆಂಟ್ ಲೀಕ್ ಆದ್ರೆ ತಾನಾಗೇ ಆಫ್ ಆಗೋ ಸ್ವಿಚ್, ಟ್ರಿಪ್ ಆಗಿ ಕೆಳಗಡೆ ಪೂರ್ತಿ ಕತ್ತಲು. ಅದು ನಮ್ಮ ತಪ್ಪು, ಐಟಂ ತಪ್ಪಲ್ಲ. ಬೋರ್ಡನ್ನ ಮೇಲೆ ನೇತು ಹಾಕಿ. ಚಳಿಗೆ ವೈರ್ ಬಿರುಸಾಗುತ್ತೆ, ಬಿಚ್ಚೋವಾಗ ಎಳೆದಾಡಬೇಡಿ, ಮಧ್ಯಾಹ್ನ ಬಿಸಿಲಲ್ಲಿ ಬಿಚ್ಚಿ ರಟ್ಟಿಗೆ ಸುತ್ತಿಡಿ. ಮತ್ತೆ ಒಬ್ಬರೇ ಕಟ್ಟೋಕೆ ಹೋಗ್ಬೇಡಿ, ಒಂದು ತುದಿ ಕಟ್ಟೋಷ್ಟರಲ್ಲಿ ಇನ್ನೊಂದು ತುದಿ ಗಂಟು ಹಾಕ್ಕೊಂಡಿರುತ್ತೆ, ಏಣಿ ಹಿಡ್ಕೊಳ್ಳೋಕೆ ಒಬ್ರು, ವೈರ್ ಬಿಡೋಕೆ ಒಬ್ರು, ಕೆಳಗೆ ನಿಂತು ಎಡಕ್ಕೆ ಬಲಕ್ಕೆ ಅಂತ ತಲೆ ತಿನ್ನೋಕೆ ನಾಲ್ಕು ಜನ ಬೇಕೇ ಬೇಕು.

ನಾಲ್ಕು ಸ್ಟಾರ್. ಕಟ್ ಮಾಡಿದ್ದು ಮೆಮೊರಿ ಇಲ್ಲದ ಆ ದರಿದ್ರ ಕಂಟ್ರೋಲರ್‌ಗೆ. ಮೆಮೊರಿ ಇರೋ ಕಂಟ್ರೋಲರ್ ಬೇರೆಯಾಗಿ ಸಿಗುತ್ತೆ, ಹಾಕ್ಸೋಣ ಅಂತ ಜನವರೀಲಿ ಗ್ರೂಪಲ್ಲಿ ಕೇಳಿದೆ. ಫಸ್ಟ್ ಫ್ಲೋರ್ ಮನೆಯಿಂದ ವಾಯ್ಸ್ ಮೆಸೇಜ್ ಬಂತು, ಆನ್ ಮಾಡಿದ್ರೆ ಆ ಹುಡುಗನ ದನಿ: ಅಂಕಲ್, ಬೇಡ.