ಬಾಗಿದ ಚಾವಣಿಗೆ ದಪ್ಪ ಪ್ಲೈ ಬಡಿದು ಕೊಡ್ತೀವಿ ಅಂದರೆ ಒಪ್ಪಬೇಡಿ

ಮನೆಯಲ್ಲೇ ಕ್ಯಾಂಪಿಂಗ್ ಟ್ರೇಲರ್ ಕಟ್ಟುತ್ತಿದ್ದೀರಾ? ಚಾವಣಿ ಕೆಲಸ ಇನ್ನೂ ಬಾಕಿ ಇದೆಯಾ? ಹಾಗಿದ್ದರೆ ಪ್ಲೈವುಡ್ ತರೋಕೆ ಹೋಗುವ ಮುಂಚೆ ಇದನ್ನು ಓದಿ. ನಮ್ಮ ಟ್ರೇಲರಿನ ಚಾವಣಿ ಮೊದಲ ಮಳೆಗಾಲಕ್ಕೇ ಕಿತ್ತು ಬಂತು. ಮಾಡಿಕೊಟ್ಟವರು ಕೆಲಸ ಗೊತ್ತಿಲ್ಲದವರೇನಲ್ಲ, ಬಾಗಲಕೋಟೆಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜಿನವರು. ಅವರ ಹೆಸರು ಬರೆಯುವುದಿಲ್ಲ. ಅವರು ಏನು ಮಾಡಿದರು ಅನ್ನುವುದನ್ನು ಮಾತ್ರ ಪೂರ್ತಿ ಹೇಳುತ್ತೇನೆ, ಯಾಕಂದರೆ ಇದೇ ರೀತಿ ಬೇರೆ ಕಡೆಯೂ ಮಾಡಿಕೊಡುತ್ತಿರಬಹುದು.

ಚಾಸಿ, ಗೋಡೆ, ಒಳಗಿನ ಮಂಚ ಎಲ್ಲಾ ನಾನು ಮತ್ತು ನನ್ನ ತಮ್ಮ ಸೇರಿ ಮಾಡಿದ್ದು. ಚಾವಣಿ ಮುಂದೆ ಜೋರಾಗಿ ಇಳಿಯುತ್ತದೆ, ನಡುವೆ ಹೆಚ್ಚು ಕಡಿಮೆ ಸಪಾಟು, ಹಿಂದೆ ನಿಧಾನವಾಗಿ ಜಾರುತ್ತದೆ. ಶೀಟ್ ಬಾಗಿಸಿ ಹಿಡಿಯೋಕೆ ನಾಲ್ಕು ಜನ ಬೇಕು, ಬೆಲ್ಟು, ಕ್ಲ್ಯಾಂಪು ಬೇಕು, ಅದೆಲ್ಲಾ ಮನೆ ಅಂಗಳದಲ್ಲಿ ಆಗುವುದಿಲ್ಲ ಅಂತ ಅದೊಂದನ್ನು ಮಾತ್ರ ಹೊರಗೆ ಕೊಟ್ಟೆವು. 3 ಎಂಎಂ ಪ್ಲೈ ಎರಡು ಪದರ, ನಡುವೆ ಅಂಟು, ಪ್ಲೈ ನೀರು ತಡೆಯೋ 710 ಗ್ರೇಡಿನದೇ ಆಗಿರಬೇಕು ಅಂತ ಬಾಯಿಬಿಟ್ಟು ಹೇಳಿದ್ದೆವು. ಮಾಲೀಕರು ಹೇಳಿದ್ದು ಇಷ್ಟು: "ಎರಡೆರಡು ಯಾಕ್ರೀ ಸರ, 6 ಎಂಎಂ ಒಂದ ಹಾಕ್ತೀವಿ, ಗಟ್ಟಿ ಆಗ್ತೈತಿ. ಸ್ಕ್ರೂ ಜಗ್ಗಿ ಹಿಡೀತೈತ್ರೀ, ಎಲ್ಲಿಗೂ ಹೋಗಂಗಿಲ್ಲ." ಬೇಡ, ನಾವು ಹೇಳಿದ ಹಾಗೇ ಮಾಡಿ ಅಂದಿದ್ದಕ್ಕೆ ಆಯ್ತು ಅಂದರು. ತರಲು ಹೋದಾಗ ಮೇಲೆ ಅಲ್ಯೂಮಿನಿಯಂ ಶೀಟ್ ಕೂತಿತ್ತು, ಒಳಗೆ ಥರ್ಮಾಕೋಲ್ ಮತ್ತು ಸನ್‌ಮೈಕ ಕೂತಿತ್ತು. ನಡುವೆ ಏನಿದೆ ಅಂತ ನೋಡೋ ದಾರಿಯೇ ಇರಲಿಲ್ಲ.

ಬೇಸಿಗೆ ಕಳೆಯಿತು. ನಮ್ಮ ಕಡೆ 40 ಡಿಗ್ರಿ ದಾಟುವುದು ಹೊಸದಲ್ಲ, ಬಿಸಿಲಿಗೆ ನಿಂತ ಟ್ರೇಲರಿನ ತಗಡು ಮುಟ್ಟೋಕೆ ಆಗ್ತಿರಲಿಲ್ಲ. ಆಗಲೇ ಮುಂದಿನ ತಿರುವಿನಲ್ಲಿ ಸಣ್ಣ ಸಣ್ಣ ಉಬ್ಬು ಕಾಣಿಸಿದವು. ಫೋನ್ ಮಾಡಿದರೆ "ಬಿಸಿಲಿಗೆ ತಗಡು ಹಿಗ್ಗತೈತ್ರೀ" ಅಂದರು. ತಗಡು ಹಿಗ್ಗುವುದು ನಿಜ. ಎಂಟು ಅಡಿ ಅಲ್ಯೂಮಿನಿಯಂ ಶೀಟು 40 ಡಿಗ್ರಿ ಜಾಸ್ತಿ ಕಾದರೆ ಸುಮಾರು 2 ಎಂಎಂ ಉದ್ದ ಆಗುತ್ತದೆ. ಆದರೆ ಹಿಗ್ಗಿದ ತಗಡು ಸಂಜೆ ತಣ್ಣಗಾದ ಮೇಲೆ ತನ್ನ ಜಾಗಕ್ಕೆ ಬರಬೇಕು, ಅಲ್ವಾ? ನಮ್ಮದರ ಉಬ್ಬು ಬೆಳಿಗ್ಗೆಯೂ ಹಾಗೇ ಇರುತ್ತಿತ್ತು. ಅವು ಕೆಳಗಿನಿಂದ ಮೇಲೆದ್ದ ಸ್ಕ್ರೂ ತಲೆಗಳು.

ಜುಲೈನಲ್ಲಿ ಖಾನಾಪುರ ದಾಟಿ ಜಾಂಬೋಟಿ ಮೇಲೆ ಕಣಕುಂಬಿಗೆ ಹೊರಟೆವು. ನಮ್ಮ ಜಿಲ್ಲೆಯಲ್ಲಿ ಪಟ್ಟದಕಲ್ಲಿನ ಪಕ್ಕ ಹರಿಯುವ ಮಲಪ್ರಭೆ ಹುಟ್ಟುವುದು ಅಲ್ಲೇ, ಮಳೆಗಾಲದಲ್ಲಿ ಅದನ್ನು ನೋಡಬೇಕು ಅನ್ನುವುದು ತಮ್ಮನ ಬಹಳ ದಿನದ ಆಸೆ. ಬೆಳಗಾವಿ ಜಿಲ್ಲೆಯ ಆ ಘಟ್ಟದ ಅಂಚಿನ ಮಳೆ ಹೇಗಿರುತ್ತದೆ ಅಂತ ಹೋದವರಿಗೆ ಗೊತ್ತು. ರಾತ್ರಿ ಮುಂದಿನ ಮೂಲೆಯಿಂದ ಟಪ್ ಅಂತ ಸದ್ದು ಬಂತು, ಸ್ವಲ್ಪ ಹೊತ್ತಿಗೆ ತಮ್ಮ ಎದ್ದು ಕೂತು "ಅಣ್ಣಾ, ಮ್ಯಾಲಿಂದ ಹನಿ ಬೀಳಾಕತ್ತಾವ ನೋಡು" ಅಂದ. ಬೆಳಗಾಗುವಷ್ಟರಲ್ಲಿ ಹಾಸಿಗೆ, ಬಟ್ಟೆ, ಬ್ಯಾಟರಿ ಪೆಟ್ಟಿಗೆ ಎಲ್ಲಾ ತೊಯ್ದು ಹೋಗಿತ್ತು. ವೈರಿಂಗ್ ಮೇಲೆ ನೀರು ಇಳಿದಿತ್ತು. ಶಾರ್ಟ್ ಆಗಿದ್ದರೆ ಏನು ಗತಿ ಅಂತ ಈಗಲೂ ಯೋಚನೆ ಬರುತ್ತದೆ.

ಊರಿಗೆ ಬಂದು ಶೀಟ್ ಬಿಚ್ಚಿದೆವು. ಒಂದೇ ಪದರ ಪ್ಲೈ, 6 ಎಂಎಂ. ತಿರುವಿನಲ್ಲಿ ಅದು ಕೆಳಗೆ ಆಧಾರಕ್ಕಿರುವ ಅಡ್ಡಪಟ್ಟಿಯಿಂದ ಎದ್ದು ನಿಂತಿತ್ತು, ಸಂದಿನಲ್ಲಿ ಬೆರಳು ಹೋಗುತ್ತಿತ್ತು. ಕೆಲವು ಸ್ಕ್ರೂಗಳ ತಲೆ ಮುರಿದಿತ್ತು, ಕೆಲವು ಪಟ್ಟಿಯಿಂದ ಕಿತ್ತು ಮೇಲೆ ಬಂದಿದ್ದವು. ಇನ್ನು ಕೆಲವು ನೆಟ್ಟಗೇ ಇದ್ದವು, ಪ್ಲೈ ಮಾತ್ರ ತಲೆ ದಾಟಿಕೊಂಡು ಮೇಲಕ್ಕೆ ಬಂದಿತ್ತು. ಅಂಚಿನಲ್ಲಿ ಉಗುರು ಹಾಕಿ ಎಳೆದರೆ ಪದರ ಪದರವಾಗಿ ಸುಲಿದು ಬಂತು, ಒಳಗಿನ ಪದರ ಕಪ್ಪಾಗಿತ್ತು. ಪ್ಲೈ ಹಿಂಬದಿಯಲ್ಲಿ 710 ಅನ್ನೋ ಸೀಲು ಮಾತ್ರ ಚೆನ್ನಾಗಿ ಉಳಿದಿತ್ತು.

ಯಾಕೆ ಹೀಗಾಯಿತು ಅಂತ ಬಿಡಿಸಿ ಹೇಳ್ತೀನಿ. ಬಲವಂತವಾಗಿ ಬಾಗಿಸಿದ ಶೀಟು ನೆಟ್ಟಗಾಗೋಕೆ ಸದಾ ಒದ್ದಾಡುತ್ತದೆ. ಆ ಒತ್ತಡ ಬೇಗ ಕಡಿಮೆ ಆಗಲ್ಲ, ಹಗಲೂ ರಾತ್ರಿ ಸ್ಕ್ರೂಗಳ ಮೇಲೆಯೇ ಇರುತ್ತದೆ, ರಸ್ತೆಯ ಗುಂಡಿಗಳು ಅದಕ್ಕೆ ಏಟು ಸೇರಿಸುತ್ತಾ ಹೋಗುತ್ತವೆ. ದಪ್ಪ ಎರಡರಷ್ಟು ಆದರೆ ಬಾಗಿಸೋಕೆ ಬೇಕಾದ ಶಕ್ತಿ ಎರಡರಷ್ಟಲ್ಲ, ಸುಮಾರು ಎಂಟರಷ್ಟು. ಅದೇ 3 ಎಂಎಂ ಶೀಟು ಎರಡು ತಗೊಂಡು ಒಂದೊಂದಾಗಿ ಸುಲಭವಾಗಿ ಬಾಗಿಸಿ, ಮಧ್ಯೆ ಅಂಟು ಹಚ್ಚಿ ಒಣಗೋವರೆಗೆ ಬೆಲ್ಟ್ ಹಾಕಿ ಬಿಗಿದಿಟ್ಟರೆ, ಎರಡೂ ಸೇರಿ ಆ ಬಾಗಿನಲ್ಲೇ ಸೆಟ್ ಆಗುತ್ತವೆ. ಬೆಲ್ಟ್ ಬಿಚ್ಚಿದ ಮೇಲೂ ಬಾಗು ಹೆಚ್ಚು ಕಡಿಮೆ ಹಾಗೇ ನಿಲ್ಲುತ್ತದೆ, ಸ್ಕ್ರೂ ಮೇಲೆ ಭಾರ ಬೀಳುವುದು ತುಂಬಾ ಕಡಿಮೆ. ಗಟ್ಟಿ ಅಂದರೆ ಇದು.

ಎರಡನೇ ವಿಷಯ ನಾರಿನ ದಿಕ್ಕು. 8 ಅಡಿ 4 ಅಡಿ ಶೀಟಿನಲ್ಲಿ ಮೇಲಿನ ಪದರದ ನಾರು ಸಾಮಾನ್ಯವಾಗಿ ಉದ್ದಕ್ಕೆ ಹೋಗುತ್ತದೆ. ಉದ್ದದ ಕಡೆಯಿಂದ ಬಾಗಿಸಿದರೆ ಶೀಟು ಬಿಗಿ, ಅಗಲದ ಕಡೆಯಿಂದ ಬಾಗಿಸಿದರೆ ಸಲೀಸು. ತೆಳು ಶೀಟನ್ನು ಅಂಗಡಿಯಲ್ಲೇ ಎರಡೂ ಕಡೆ ಕೈಯಲ್ಲಿ ಒತ್ತಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಗ್ಯಾರೇಜಿನವರು ಒಂದು ಜೋಡಣೆ ಉಳಿಸೋಕೆ ಎಂಟಡಿ ಶೀಟನ್ನು ಹಿಂದಿನಿಂದ ಮುಂದಕ್ಕೆ ಉದ್ದಕ್ಕೇ ಹಾಕಿದ್ದರು, ಅಂದರೆ ಬಾಗದೇ ಇರೋ ದಿಕ್ಕಿನಲ್ಲೇ ಬಾಗಿಸಿದ್ದರು. ಶೀಟನ್ನು ಅಡ್ಡ ಹಾಕಿ, ಜೋಡಣೆ ಸರಿಯಾಗಿ ಅಡ್ಡಪಟ್ಟಿ ಮೇಲೆ ಬರುವ ಹಾಗೆ ಕತ್ತರಿಸಬೇಕಿತ್ತು. ಎರಡನೇ ಪದರದ ಜೋಡಣೆ ಮೊದಲ ಪದರದ ಜೋಡಣೆ ಮೇಲೆಯೇ ಬರಬಾರದು.

ಸ್ಕ್ರೂ ಬಳಸಿದ್ದು ಜಿಪ್ಸಂ ಬೋರ್ಡಿಗೆ ಹೊಡೆಯುವ ಕರಿ ಸ್ಕ್ರೂ. ಅವು ಒಳಗಿನ ಒಣ ಕೆಲಸಕ್ಕೆ ಸರಿ, ಹೊರಗೆ ತುಕ್ಕು ಹಿಡಿಯುತ್ತವೆ, ಅದುರುವ ಕಡೆ ತಲೆ ಮುರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಅಗಲ ತಲೆಯದು ಅಥವಾ ವಾಷರ್ ಹಾಕಿದ್ದು ಕೇಳಿ. ಮೊದಲು ಸಣ್ಣ ತೂತು ಹೊಡೆದೇ ಹಾಕಿಸಿ, ತಲೆಯನ್ನು ಪ್ಲೈ ಒಳಗೆ ಮುಳುಗಿಸೋಕೆ ಬಿಡಬೇಡಿ. 3 ಎಂಎಂ ಪ್ಲೈನಲ್ಲಿ ಅರ್ಧ ದಪ್ಪ ಕೊರೆದರೆ ಹಿಡಿಯೋಕೆ ಉಳಿಯೋದೇನು?

ಸೀಲನ್ನು ನಂಬಬೇಡಿ ಅನ್ನೋದನ್ನು ಒತ್ತಿ ಹೇಳ್ತೀನಿ. ಐಎಸ್ 710 ಪ್ಲೈ ಅಂದರೆ 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು. ಎಂಆರ್ ಅನ್ನೋ ಕೆಳಗಿನ ಗ್ರೇಡಿನ ಪ್ಲೈ ಮನೆಯೊಳಗಿನ ತೇವಕ್ಕೆ ಮಾತ್ರ. ಅಂಗೈಯಗಲ ತುಂಡು ಕತ್ತರಿಸಿ ಹಳೇ ಪಾತ್ರೆಯಲ್ಲಿ ಕೆಲವು ಗಂಟೆ ಕುದಿಸಿ. ನಮ್ಮ ಪ್ಲೈ ತುಂಡು ಬಿಚ್ಚಿಕೊಳ್ಳೋಕೆ ತಡವೇ ಮಾಡಲಿಲ್ಲ. ಬಾಗಿಸೋಕೆ ಮುಂಚೆ ಬಿಸಿನೀರು ಹಾಕಿ ಮೆತ್ತಗೆ ಮಾಡ್ತೀವಿ ಅಂತ ಯಾರಾದರೂ ಅಂದರಂತೂ ಈ ಪರೀಕ್ಷೆ ಬೇಕೇ ಬೇಕು. ಎಂಆರ್ ಆಗಿದ್ದರೆ ಅಲ್ಲೇ ಕೆಡುತ್ತದೆ. ಒಳ್ಳೆ ಪ್ಲೈ ಆದರೂ ಬೆಲ್ಟ್ ಕಟ್ಟಿ ಪೂರ್ತಿ ಒಣಗಿಸಿ ಆಮೇಲೆ ಅಂಟು ಹಚ್ಚಬೇಕು. ಫ್ಲೆಕ್ಸಿ ಪ್ಲೈ ಚೆನ್ನಾಗಿ ಬಾಗುತ್ತದೆ, ಆದರೆ ಅದರಲ್ಲೂ ನೀರು ತಡೆಯೋ ಗ್ರೇಡ್ ಹೌದಾ ಅಂತ ಕೇಳಿ. ಜೋಡಣೆಗೆ ಬರೀ ಸಿಲಿಕೋನ್ ಬಳಿದು ಮುಗಿಸೋಕೆ ಬಿಡಬೇಡಿ, ಅದರ ಮೇಲೆ ಬಣ್ಣ ನಿಲ್ಲಲ್ಲ, ರಿಪೇರಿ ಮಾಡುವಾಗ ಬೇರೇನೂ ಅಂಟಲ್ಲ. ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿಸಿ.

ಗ್ಯಾರೇಜಿನವರು ಹಣ ವಾಪಸ್ ಕೊಡಲಿಲ್ಲ. ಬಿಲ್ಲಿನಲ್ಲಿ "ಚಾವಣಿ ಕೆಲಸ" ಅಂತ ಮಾತ್ರ ಬರೆದಿತ್ತು, ಯಾವ ಪ್ಲೈ, ಎಷ್ಟು ಎಂಎಂ, ಎಷ್ಟು ಪದರ ಒಂದೂ ಇರಲಿಲ್ಲ. ನೀವು ಕೊಡುವಾಗ ಇದೆಲ್ಲಾ ಬರೆಸಿಕೊಳ್ಳಿ. ನಿಮ್ಮ ಟ್ರೇಲರ್ ಈಗ ಯಾರದೋ ಶೆಡ್ಡಿನಲ್ಲಿದ್ದರೆ, ಮೇಲಿನ ತಗಡು ಬೀಳುವ ಮುಂಚೆ ಖುದ್ದಾಗಿ ಹೋಗಿ ಪ್ಲೈ ಅಂಚು ನೋಡಿ, ಪದರ ಎಣಿಸಿ, ತಿರುವಿನ ಮೇಲೆ ಅಂಗೈಯಿಂದ ಒತ್ತಿ. ಪಟ್ಟಿಯಿರುವ ಕಡೆ ಒತ್ತಿದಾಗ ಒಳಗೆ ಹೋದರೆ ಅಲ್ಲಿ ಸಂದಿದೆ ಅಂತಲೇ ಅರ್ಥ. ಫೋಟೋ ತೆಗೆದಿಟ್ಟುಕೊಂಡು, ಅದು ಸರಿಯಾದ ಮೇಲೆಯೇ ಉಳಿದ ಹಣ ಕೊಡಿ.