ಬಂಡೆ ಅಂಚಿನ ಗಾಲ್ಫ್: ಕಾರ್ಟ್, ಟ್ರಾಲಿ, ಇಲ್ಲಾ ಹೆಗಲ ಬ್ಯಾಗ್?

ಮೊದಲೇ ಹೇಳಿಬಿಡುತ್ತೇನೆ, ಗಾಲ್ಫ್ ಕ್ಲಬ್‌ಗಳನ್ನು, ಅಂದರೆ ಚೆಂಡು ಹೊಡೆಯುವ ಕೋಲುಗಳನ್ನು, ಸಾಗಿಸಲು ನನ್ನ ಓಟು ಹೆಗಲ ಬ್ಯಾಗಿಗೆ. ಇದು ಗೊತ್ತಾಗಿದ್ದು ಮಾತ್ರ ದುಡ್ಡು ಸುರಿದ ಮೇಲೆ. ಕಡಲ ಪಕ್ಕ, ಎತ್ತರದ ಬಂಡೆಗಳ ಮೇಲಿನ ಕೋರ್ಸಿಗೆ ಹೊರಡುವ ಮುಂಚೆ ಬ್ಯಾಗ್ ಇಟ್ಟು ತಳ್ಳಿಕೊಂಡು ಹೋಗುವ ಮೂರು ಗಾಲಿಯ ಹೊಸ ಟ್ರಾಲಿ ಕೊಂಡಿದ್ದೆ. ಮೂರು ದಿನ, ಮೂರು ರೀತಿ ಆಡಿದೆ.

ಮೊದಲ ದಿನ ಕಾರ್ಟ್, ಅಂದರೆ ಕೂತು ಓಡಿಸುವ ಪುಟ್ಟ ಗಾಡಿ. ಕೂತು ಕಡಲು ನೋಡುವುದಕ್ಕೆ ಸುಖ. ಆದರೆ ಹಿಂದಿನ ರಾತ್ರಿ ಮಳೆಯಾಗಿತ್ತು, ಕಾರ್ಟ್ ದಾರಿ ಬಿಟ್ಟು ಇಳಿಯುವ ಹಾಗಿಲ್ಲ ಅಂದರು. ದಾರಿ ಇದ್ದದ್ದು ಒಳಗಡೆ, ನನ್ನ ಚೆಂಡು ಹೋಗುತ್ತಿದ್ದದ್ದು ಕಡಲಿನ ಕಡೆ. ಏಳನೇ ಐರನ್ (ಐರನ್ ಕ್ಲಬ್‌ಗಳಲ್ಲಿ ನಂಬರ್ ಕಡಿಮೆಯಾದಷ್ಟು ಚೆಂಡು ದೂರ ಹೋಗುತ್ತದೆ) ಸಾಕು ಅಂತ ಹಿಡಿದು ಅಷ್ಟು ದೂರ ನಡೆದರೆ, ಅಂಚಿನ ಗಾಳಿಯೇ ಬೇರೆ! ಐದನೇ ಐರನ್ ತರಲು ಮತ್ತೆ ವಾಪಸ್. ಹಿಂದಿನ ಗುಂಪು ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತು. ಮುಂದಿನ ಹೋಲಿಗೆ (ಶುರುವಿನ ಹೊಡೆತದಿಂದ ಕುಳಿವರೆಗಿನ ಒಂದು ಭಾಗ) ನಾಲ್ಕು ಕ್ಲಬ್ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಬೇಕಾಗಿದ್ದು ತಾರದೇ ಬಿಟ್ಟ ಇನ್ನೊಂದು. ಜೊತೆಗೆ ಹತ್ತಿರದ ಹೊಡೆತಕ್ಕೆ ಬಳಸುವ ಒಂದು ವೆಡ್ಜ್ ಕ್ಲಬ್ಬನ್ನು ಹುಲ್ಲಿನಲ್ಲೇ ಮರೆತು ಬಂದೆ.

ಇಂಥ ಕಡೆ ಬರೀ ದೂರ ಲೆಕ್ಕ ಹಾಕಿ ಕ್ಲಬ್ ಆರಿಸಲು ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ಕಡಲ ಪಕ್ಕದ ಪೆಬಲ್ ಬೀಚ್ ಕೋರ್ಸಿನ ಏಳನೇ ಹೋಲ್ ಸುಮಾರು 106 ಗಜ, ಅಷ್ಟೇ. ಆದರೂ ಅಲ್ಲಿ ನಡೆದ 1992ರ ಯು.ಎಸ್. ಓಪನ್ ಟೂರ್ನಿಯ ಕೊನೆಯ ದಿನದ ಗಾಳಿಯಲ್ಲಿ ವೃತ್ತಿಪರ ಆಟಗಾರ ಟಾಮ್ ಕೈಟ್ ಅವರಿಗೇ ಗ್ರೀನ್ (ಕುಳಿ ಇರುವ ನುಣುಪು ಹುಲ್ಲು) ಸಿಗಲಿಲ್ಲ. ಪಕ್ಕದಿಂದ ಚಿಪ್ ಮಾಡಿ, ಅಂದರೆ ಮೆಲ್ಲಗೆ ಎತ್ತಿ ಹೊಡೆದು, ನೇರ ಕುಳಿಗೆ ಹಾಕಿದರು, ಕೊನೆಗೆ ಕಪ್ಪೂ ಗೆದ್ದರು. ನನಗೆ ಆ ಚಿಪ್ ಬರಲ್ಲ.

ಎರಡನೇ ದಿನ ಟ್ರಾಲಿ. ಸಮತಟ್ಟಿನಲ್ಲಿ ಚೆನ್ನ. ಇಳಿಜಾರಿನಲ್ಲಿ ಬ್ರೇಕ್ ಮರೆತೆ, ಅದು ಅಂಚಿನ ಕಡೆ ಹೊರಟಿತು, ನಾನು ಓಡಿದೆ. ಬ್ರೇಕ್ ಹಾಕಿದಾಗ ಗಾಳಿಗೆ ಮಗುಚಿಕೊಂಡಿತು.

ಮೂರನೇ ದಿನ ಬ್ಯಾಗ್. ನಿಯಮದಲ್ಲಿ 14 ಕ್ಲಬ್‌ವರೆಗೆ ಅವಕಾಶ ಇದೆ, ಅಷ್ಟೂ ಹೊರಬೇಕು ಅಂತೇನಿಲ್ಲ ಅಲ್ವಾ? ಎಂಟೇ ಹಾಕಿಕೊಂಡೆ. ಚೆಂಡಿನ ಪಕ್ಕ ನಿಂತು, ಒಂದು ಚಿಟಿಕೆ ಹುಲ್ಲು ಹಾರಿಸಿ ನೋಡಿ, ಕ್ಲಬ್ ತೆಗೆದರಾಯಿತು. ಬ್ಯಾಗಿನ ಸ್ಟ್ಯಾಂಡ್ ಗಾಳಿಗೆ ನಿಲ್ಲುವುದಿಲ್ಲ, ಬ್ಯಾಗನ್ನು ಸುಮ್ನೆ ಮಲಗಿಸಿಬಿಡಿ. ಎರಡು ಚೆಂಡು ಕಡಲಿಗೆ ಹೋದವು, ಅದು ಬ್ಯಾಗಿನ ತಪ್ಪಲ್ಲ.

ಅಮೆರಿಕದ ಒರೆಗಾನ್‌ನಲ್ಲಿರುವ ಬ್ಯಾಂಡನ್ ಡ್ಯೂನ್ಸ್ ಗಾಲ್ಫ್ ರೆಸಾರ್ಟಿನಲ್ಲಂತೂ ನಡೆದೇ ಆಡಬೇಕು ಅನ್ನುವ ಪದ್ಧತಿ.

ನಾನು ದಿನಾ ನಡೆಯುವವನು, ಕಾರ್ಟ್ ಬಾಡಿಗೆ ಉಳಿದರೆ ಇನ್ನೊಂದು ದಿನ ಆಡಬಹುದು. ಮಂಡಿ ನೋವಿದ್ದರೆ ಕಾರ್ಟೇ ಸರಿ, ಆದರೆ ನೆಲ ಒಣಗಿದ ದಿನ ನೋಡಿಕೊಂಡು ಹೋಗಿ. ಟ್ರಾಲಿ ಬೇಕಾದರೆ ಹೇಳಿ, ನನ್ನದು ಒಂದೇ ದಿನ ಓಡಿದೆ.